ಸಾವಿನ ಮನೆಗೆ ಹೋಳಿಗೆ ಒಯ್ದದ್ದು

ರಾಯದುರ್ಗ

ನಾವು ಹೆಂಗೆ ಉಣ್ತೀವಿ, ಹೆಂಗೆ ಜಗಳಾಡ್ತೀವಿ, ಯಾರಾದರೂ ಸತ್ತರೆ ಹೆಂಗೆ ಅಳ್ತೀವಿ ಅಂತ ಕೇಳಿಕೊಂಡು ಒಂದೂವರೆ ವರ್ಷ ನನ್ನ ತವರುಮನೆಯಲ್ಲಿ ಇದ್ದು ಹೋದ ಹೆಂಗಸಿನ ಊರನ್ನು ನಾನು ನೋಡಿ ಬಂದೆ. ಬಂದಾಗಿನಿಂದ ನನ್ನ ಗಂಡನ ಊರು ಅಗಳಿಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ: "ಐಸು ಬಿದ್ದಿತ್ತಾ? ಎಂಗಿತ್ತಮ್ಮ?" ಐಸು ಬಿದ್ದಿರಲಿಲ್ಲ. ಬಿದ್ದಿದ್ದರೂ ಅಲ್ಲಿ ನನಗಾದ ಗಾಬರಿಯ ಮುಂದೆ ಐಸು ಯಾವ ಲೆಕ್ಕ.

ಆಕೆಯ ಹೆಸರು ಇಂಗ್ರಿಡ್. ನಮ್ಮ ಬಾಯಿಗೆ ಅದು ಹತ್ತಲಿಲ್ಲ, ಮೊದಲ ವಾರದಲ್ಲೇ ಇಂದ್ರಕ್ಕ ಆದಳು. ದೇಶ ಸ್ವೀಡನ್. ಕೆಲಸ ಮಾನವಶಾಸ್ತ್ರ. ಬೊಮ್ಮನಹಾಳ್ ಹತ್ತಿರದ ನಮ್ಮೂರಿಗೆ ಆಕೆ ಬಂದಾಗ ನಾನಿನ್ನೂ ಮದುವೆಯಾಗದ ಹುಡುಗಿ. ಊರವರು ಮೊದಲು ಜನಗಣತಿಯವಳು ಅಂದುಕೊಂಡರು, ಆಮೇಲೆ ಸಿನಿಮಾದವಳು, ಆಮೇಲೆ ಪಕ್ಕಾ ಮನೆ ಸ್ಯಾಂಕ್ಷನ್ ಮಾಡಿಸುವವಳು. ಯಾವುದೂ ಅಲ್ಲ ಅಂತ ತಿಳಿದಾಗ ನಮ್ಮ ದೊಡ್ಡಪ್ಪ ಕೇಳಿಯೇಬಿಟ್ಟ: "ಮತ್ತ ನಿನಗ ಪಗಾರ ಯಾಕ ಕೊಡ್ತಾರವ್ವ?"

"ನಿಮ್ಮನ್ನ ಕೇಳಾಕರಿ."

"ಏನು ಕೇಳಾಕ?"

"ಎಲ್ಲಾನೂ ರೀ."

ದೊಡ್ಡಪ್ಪ ಬೀಡಿ ಹಚ್ಚುವುದನ್ನೇ ಮರೆತು ಕೂತ. ಕೇಳುವುದು ಅಂದರೆ ಅಂತಿಂಥ ಕೇಳುವುದಲ್ಲ. ಉಪ್ಪಿನ ಗಡಿಗೆ ಅಲ್ಲೇ ಯಾಕ? ಸೊಸೆ ಮಾವನ ಮುಂದ ಯಾಕ ಕೂಡಂಗಿಲ್ಲ? ಇದರ ಅರ್ಥ ಏನು, ಅದರ ಅರ್ಥ ಏನು? ನಮ್ಮವ್ವ ಸಾಕಮ್ಮ ತಾಳ್ಮೆಯಿಂದ ಹೇಳುತ್ತಿದ್ದಳು. ಅವ್ವನಿಗೆ ಉತ್ತರ ಗೊತ್ತಿಲ್ಲದಾಗ "ಅದಕ್ಕ ಅರ್ಥ ಬ್ಯಾರೆ ಬೇಕೇನ ನಿನಗ, ಉಣ್ಣು ಸುಮ್ನ" ಅಂತ ಗದರುತ್ತಿದ್ದಳು.

ಇಂದ್ರಕ್ಕನಿಗೆ ಎಲ್ಲಕ್ಕಿಂತ ಬೇಕಾಗಿದ್ದುದು ನಮ್ಮ ಹೆಂಗಸರು ಸಾವಿನಲ್ಲಿ ಹಾಡ್ಯಾಡಿ ಅಳುವುದು. ನಮ್ಮ ಕಡೆ ಸುಮ್ಮನೆ ಗೊಳೋ ಅನ್ನುವುದಿಲ್ಲ. ಸತ್ತವರು ಏನು ಮಾಡಿದರು, ಏನು ಉಟ್ಟರು, ಯಾರ ಕೂಸಿಗೆ ಎಣ್ಣೆ ಹಚ್ಚಿ ಎರೆದರು, ಎಲ್ಲವನ್ನೂ ರಾಗದಲ್ಲಿ ಹೇಳಿಕೊಂಡು ಅಳಬೇಕು. ಅವ್ವ ಅದರಲ್ಲಿ ಎತ್ತಿದ ಕೈ. ಅವ್ವ ಬಾಯಿ ತೆಗೆದಳು ಅಂದರೆ ಹೆಣ ಹೊರುವ ಗಂಡಸರೂ ಗೋಡೆಗೆ ಮುಖ ಮಾಡುತ್ತಿದ್ದರು. ಯಾವ ಊರಲ್ಲಿ ಸಾವಾಗಲಿ, ಅವ್ವನ ಹಿಂದೆ ಇಂದ್ರಕ್ಕ, ಇಂದ್ರಕ್ಕನ ಕೈಯಲ್ಲಿ ರೆಕಾರ್ಡ್ ಮಾಡುವ ಪೆಟ್ಟಿಗೆ. ಬರೀ ರೆಕಾರ್ಡ್ ಮಾಡುತ್ತಿರಲಿಲ್ಲ, ತಾನೂ ಮೂಗು ಕೆಂಪಾಗುವಷ್ಟು ಅಳುತ್ತಿದ್ದಳು.

ಈಗ ಅವ್ವ ಇಲ್ಲ. ನಾನು ಮಡಕಶಿರಾ ಕಡೆ ಅಗಳಿಗೆ ಸೊಸೆಯಾಗಿ ಬಂದು ಅಂಗನವಾಡಿ ಟೀಚರಾಗಿದ್ದೇನೆ. ಇಂದ್ರಕ್ಕ ಮಾತ್ರ ಬಿಡಲಿಲ್ಲ, ಫೋನು ಮಾಡುತ್ತಲೇ ಇದ್ದಳು. ಆಕೆಯ ತಾಯಿ ಬ್ರಿಟ್ಟಾ, ನನ್ನ ಮುಖವನ್ನೇ ನೋಡದ ಮುದುಕಿ, ವರ್ಷಕ್ಕೊಮ್ಮೆ ಕೈಯಾರೆ ಹೆಣೆದ ಉಣ್ಣೆಯ ಕಾಲುಚೀಲ ಕಳಿಸುತ್ತಿದ್ದಳು. ಮಡಕಶಿರಾದ ಬಿಸಿಲಿಗೆ ಉಣ್ಣೆ ಕಾಲುಚೀಲ! ನನ್ನ ಮಕ್ಕಳು ಅದರಲ್ಲಿ ಗೋಲಿ ತುಂಬಿಡುತ್ತಿದ್ದರು. ಆದರೂ ವರ್ಷಾವರ್ಷ ಒಬ್ಬರು ನಮ್ಮ ಪಾದ ನೆನೆಸಿಕೊಂಡು ಹೆಣೆಯುತ್ತಾರೆ ಅಂದರೆ ಅದು ಸಣ್ಣ ಸಂಬಂಧವೇ?

ಹೋದ ಬೇಸಗೆಯಲ್ಲಿ ಇಂದ್ರಕ್ಕ ಟಿಕೆಟ್ ಕಳಿಸಿದಳು. "ಕಾಲೇಜಿನಾಗ ಪಾಠ ಹೇಳೋ ನನ್ನ ಕೆಲಸ ಮುಗಿಯಾಕ ಬಂತು ಲಕ್ಷ್ಮೀ. ನನ್ನ ವಿದ್ಯಾರ್ಥಿಗಳು ನಿನ್ನ ನೋಡಬೇಕು. ನಮ್ಮವ್ವನೂ ನಿನ್ನ ನೋಡಬೇಕಂತಾಳ."

ಪಾಸ್‌ಪೋರ್ಟು, ವೀಸಾ ಅಂತ ಚಳಿಗಾಲ ಬರುವವರೆಗೆ ಆಫೀಸು ತಿರುಗಿದ್ದನ್ನು ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ಹೊರಡುವ ಮುಂಚೆ ತವರಿಗೆ ಹೋಗಿ, ನೇಮಕಲ್ಲು ಆಂಜನೇಯನಿಗೆ ಕಾಯಿ ಒಡೆಸಿ, ರಾಯದುರ್ಗದ ಬಜಾರಿನಲ್ಲಿ ಬ್ರಿಟ್ಟಮ್ಮನಿಗೆ ಅಂತ ಒಂದು ಮೊಳಕಾಲ್ಮೂರು ಸೀರೆ ತಗೊಂಡೆ. ನವಿಲುಬಣ್ಣ, ಕೆಂಪು ಅಂಚು. ಅತ್ತಿಗೆ ಶೇಂಗಾ ಹೋಳಿಗೆ ಮಾಡಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಹೀಗೆ ಮದುವೆಗೆ ಹೊರಟವಳ ಹಾಗೆ ಹೊರಟೆ.

ರೈಲು

ವಿಮಾನ ಇಳಿದು ಸ್ಟಾಕ್‌ಹೋಮಿನಿಂದ ಇಂದ್ರಕ್ಕನ ಊರಿಗೆ ರೈಲು. ಡಬ್ಬಿಯ ತುಂಬ ಸೀಟು ಖಾಲಿ. ಒಬ್ಬ ಹಿರಿಯ ಒಂಟಿಯಾಗಿ ಕೂತಿದ್ದ. ಪಾಪ, ಜೊತೆಗೆ ಯಾರೂ ಇಲ್ಲ ಅಂತ ಹೋಗಿ ಪಕ್ಕದಲ್ಲಿ ಕೂತು ನಕ್ಕೆ. ಆ ಮನುಷ್ಯ ನನ್ನನ್ನು ನೋಡಿದ, ಖಾಲಿ ಸೀಟುಗಳನ್ನು ನೋಡಿದ, ಬ್ಯಾಗು ತಗೊಂಡು ಎದ್ದು ಡಬ್ಬಿಯ ಆ ತುದಿಗೆ ಹೋಗಿ ಕೂತುಬಿಟ್ಟ. ನಾನೇನು ಅವನ ಜೇಬಿಗೆ ಕೈ ಹಾಕಿದೆನೇ? ನಮ್ಮ ಬಳ್ಳಾರಿ ಬಸ್ಸಿನಲ್ಲಿ ಅಷ್ಟು ಹೊತ್ತಿಗೆ ಯಾವೂರು, ಎಷ್ಟು ಮಕ್ಕಳು, ಸಕ್ಕರೆ ಕಾಯಿಲೆಗೆ ಯಾವ ಮಾತ್ರೆ, ಎಲ್ಲ ಆಗಿ ತೊಡೆಯ ಮೇಲೆ ಅವರ ಮೊಮ್ಮಗ ಮಲಗಿರುತ್ತಿದ್ದ.

ದಾರಿಯುದ್ದಕ್ಕೂ ಯಾರೂ ಪಿಟಕ್ಕೆನ್ನಲಿಲ್ಲ. ಒಬ್ಬ ಹೆಂಗಸು ಕೆಮ್ಮು ಬಂದದ್ದಕ್ಕೂ ಕ್ಷಮೆ ಕೇಳುವವಳ ಹಾಗೆ ಸುತ್ತ ನೋಡಿದಳು. ಮಧ್ಯಾಹ್ನ ಮೂರಕ್ಕೇ ಕತ್ತಲು ಕವಿಯತೊಡಗಿತು. ಇವರೆಲ್ಲ ಯಾರ ಮೇಲೆ ಸಿಟ್ಟಾಗಿದ್ದಾರೆ?

ಸ್ಟೇಷನ್ನಿನಲ್ಲಿ ಇಂದ್ರಕ್ಕ ನಿಂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ, ಬೆನ್ನು ಮಾತ್ರ ಅದೇ ನೆಟ್ಟಗೆ. "ಬಾರವ್ವ ಲಕ್ಷ್ಮೀ, ಬಾ! ಹಾದಿಯಾಗ ತ್ರಾಸ ಆಗಲಿಲ್ಲಲ್ಲ?" ಆ ಬಿಳಿ ಬಾಯಲ್ಲಿ ನನ್ನ ತವರಿನ ಮಾತು ಕೇಳಿ ಜೀವ ತಂಪಾಯಿತು. ಅಪ್ಪಿಕೊಂಡೆವು. ನಾನು ನಕ್ಕೆ. ಆಕೆಯೂ ನಕ್ಕಳು. ಇದನ್ನು ನೀವು ನೆನಪಿಡಬೇಕು, ಆಕೆಯೂ ನಕ್ಕಳು.

ಇಂದ್ರಕ್ಕನ ಮನೆ

ಹಳೇ ಕಟ್ಟಡದ ಮೂರನೇ ಅಂತಸ್ತಿನಲ್ಲಿ ಇಂದ್ರಕ್ಕನ ಮನೆ, ಎರಡನೆಯದರಲ್ಲಿ ಆಕೆಯ ತಾಯಿಯದು. ಒಂದೇ ಕಟ್ಟಡದಲ್ಲಿ ತಾಯಿ ಬೇರೆ ಒಲೆ, ಮಗಳು ಬೇರೆ ಒಲೆ. ಅದನ್ನೇ ನಾನು ದೊಡ್ಡ ಸೋಜಿಗ ಅಂದುಕೊಂಡಿದ್ದೆ.

ಕೈಕಾಲು ತೊಳೆದು ಕೂತೆ. ಇಂದ್ರಕ್ಕ ಕಾಫಿ ಕೊಟ್ಟಳು. ನಾನು ಗಂಟು ಬಿಚ್ಚಿ ಹೋಳಿಗೆ ತೆಗೆದೆ. ಇಬ್ಬರೂ ತಿಂದೆವು. ಆಕೆ ಬೆರಳು ಚೀಪುತ್ತ "ನಿಮ್ಮತ್ತಿಗಿ ಏಲಕ್ಕಿ ಜಾಸ್ತಿ ಹಾಕ್ಯಾಳ" ಅಂದಳು. ಅಗಳಿಯ ಸುದ್ದಿ, ರಾಯದುರ್ಗದ ಸುದ್ದಿ ಎಲ್ಲ ಕೇಳಿದಳು. ಮಾತಿನ ಭರದಲ್ಲಿ ನಾನು ಸೀರೆ ತೆಗೆದು ಮಡಿಲ ಮೇಲೆ ಹರವಿದೆ. "ಎಲ್ಲಿ ನಿಮ್ಮವ್ವ? ಕೆಳಗ ಹೋಗಿ ಕರಕೊಂಡು ಬಾ. ಇವತ್ತು ನಾನೇ ಉಡಿಸ್ತೀನಿ. ಹೂವು ಸಿಗತೈತೇನು ಇಲ್ಲಿ?"

ಇಂದ್ರಕ್ಕ ಬಟ್ಟಲಿಗೆ ಇನ್ನಷ್ಟು ಕಾಫಿ ಬಗ್ಗಿಸಿದಳು. "ಅವ್ವ ತೀರಿಕೊಂಡಳು ಲಕ್ಷ್ಮೀ," ಅಂದಳು.

"ಯಾವಾಗ?"

"ಹೋದ ವಾರದ ಹಿಂದಿನ ವಾರ."

"ಮಣ್ಣು?"

"ಇನ್ನೂ ಇಲ್ಲ. ಆಸ್ಪತ್ರಿಯಾಗ ತಣ್ಣನ್ನ ಕೋಣಿ ಇರತೈತಿ, ಅಲ್ಲಿ ಅದಾಳ. ಬರೋ ಶುಕ್ರವಾರ ಸಂಸ್ಕಾರ. ಇಲ್ಲಿ ಹಂಗ, ಎಲ್ಲಾರೂ ಡ್ಯೂಟಿ ನೋಡಿಕೊಂಡು, ಬಿಡುವು ಮಾಡಿಕೊಂಡು ಬರ್ತಾರ."

ನಾನು ಕೈಯಲ್ಲಿದ್ದ ಹೋಳಿಗೆ ಚೂರನ್ನು ನೋಡಿದೆ. ಬಾಯಲ್ಲಿ ಇನ್ನೂ ಬೆಲ್ಲದ ಸಿಹಿ ಇತ್ತು. ಹೆತ್ತ ತಾಯಿಯ ಹೆಣ ಊರಿನಲ್ಲೇ ಇದೆ, ಮಣ್ಣಾಗಿಲ್ಲ, ನಾನು ಆ ಮನೆಯಲ್ಲಿ ಕೂತು ಹೋಳಿಗೆ ತಿಂದಿದ್ದೇನೆ! ಹೆಣ ಎತ್ತುವವರೆಗೆ ನಮ್ಮಲ್ಲಿ ಆ ಓಣಿಯಲ್ಲೇ ಒಲೆ ಹಚ್ಚುವುದಿಲ್ಲ. ಇವಳು ಏಲಕ್ಕಿ ಜಾಸ್ತಿ ಅನ್ನುತ್ತಾಳೆ!

"ಯಾಕ ಹೇಳಲಿಲ್ಲ ನನಗ?"

"ಹೇಳಿದ್ದರ ಟಿಕೆಟ್ ಕ್ಯಾನ್ಸಲ್ ಮಾಡ್ತಿದ್ದಿ. ಇಲ್ಲಂದರ ಹಾದಿ ತುಂಬ ಅತಗೊಂತ ಬರ್ತಿದ್ದಿ. ನೀನು ಖುಷಿಯಿಂದ ಬರಲಿ ಅಂತ..."

ಓದುವ ನೀವೆಲ್ಲ ನಮ್ಮ ಕಡೆಯವರಾದರೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಪರ ಊರಿನಿಂದ ಸಾವಿನ ಮನೆಗೆ ಬರುವ ಹೆಣ್ಣುಮಗಳು ಓಣಿಯ ತುದಿಯಿಂದಲೇ ದನಿ ತೆಗೆದು ಅಳುತ್ತ ಬರಬೇಕು. ಆ ದನಿ ಕೇಳಿದ ಕೂಡಲೇ ಮನೆಯವಳು ಎದ್ದು ಬಂದು, ಬಂದವಳ ಕೊರಳು ಹಿಡಿದು, ತಾನೂ ಅಳಬೇಕು. ಬಂದವಳು ಶುರು ಮಾಡಬೇಕು, ಮನೆಯವಳು ದನಿಗೂಡಿಸಬೇಕು. ಬಂದವಳು ಅಳದೆ ಸೀದಾ ಒಳಗೆ ಹೋದಳೋ, ಅಲ್ಲಿಗೆ ಸಂಬಂಧ ಕಡಿಯಿತು. ನಮ್ಮ ಸೋದರತ್ತೆ ಒಬ್ಬಳು ಬಸ್ಸಿನ ದಣಿವಿನಲ್ಲಿ ಹೀಗೆ ಸುಮ್ಮನೆ ಒಳಗೆ ಹೋದದ್ದಕ್ಕೆ ಎರಡು ಮನೆಗಳು ಇವತ್ತಿಗೂ ಮದುವೆಗೆ ಕರೆಯುವುದಿಲ್ಲ.

ನಾನು ಅಳದೆ ಬಂದದ್ದಷ್ಟೇ ಅಲ್ಲ, ನಕ್ಕೊಂಡು ಬಂದಿದ್ದೆ. ಸೀರೆ ಹಿಡಕೊಂಡು, ಹೂವು ಎಲ್ಲಿ ಅಂತ ಕೇಳುತ್ತ ಬಂದಿದ್ದೆ. ಆ ತಾಯಿ ನಮ್ಮ ಪಾದಕ್ಕೆ ಅಂತ ವರ್ಷಾವರ್ಷ ಹೆಣೆದವಳು. ಇದನ್ನು ಹಾಗೇ ಬಿಟ್ಟರೆ ಇಂದ್ರಕ್ಕನಿಗೂ ನನಗೂ ಇನ್ನೇನು ಉಳಿಯಿತು? ಏನೂ ಯೋಚಿಸಲಿಲ್ಲ. ಎದ್ದೆ. ಚಪ್ಪಲಿ ಮೆಟ್ಟಿಕೊಂಡು ದಡದಡ ಮೆಟ್ಟಿಲಿಳಿದು ಬೀದಿಗೆ ಹೋದೆ. ರಸ್ತೆಯ ತಿರುವಿನ ತನಕ ಹೋಗಿ ಹಿಂದಕ್ಕೆ ತಿರುಗಿದೆ. ಸೆರಗು ತಲೆಗೆ ಹಾಕಿಕೊಂಡು ಅಲ್ಲಿಂದಲೇ ಶುರು ಮಾಡಿದೆ.

"ನಮ್ಮ ಬ್ರಿಟ್ಟವ್ವಾ... ಮಕ ನೋಡದವರಿಗೆ ಚೀಲ ಹೆಣದಾಕಿ... ನಾ ಬರೋ ಹೊತ್ತಿಗೆ ಎಲ್ಲಿ ಹೋದ್ಯವ್ವಾ..."

ಬೀದಿಯಲ್ಲಿ ನಾಯಿ ಹಿಡಿದುಕೊಂಡು ಹೋಗುತ್ತಿದ್ದವನು ನಾಯಿ ಸಮೇತ ಎದುರು ಬದಿಗೆ ದಾಟಿದ. ಕಟ್ಟಡದೊಳಗೆ ಬಂದೆ. ಆ ಮೆಟ್ಟಿಲ ಸಂದಿಯಲ್ಲಿ ದನಿ ಒಂದಕ್ಕೆ ನಾಲ್ಕಾಗಿ ಮೊಳಗಿತು. ಒಂದೊಂದೇ ಬಾಗಿಲು ಒಂದೊಂದು ಬೆರಳಿನಷ್ಟು ತೆರೆಯಿತು. ಎರಡನೇ ಅಂತಸ್ತಿನಲ್ಲಿ ಬ್ರಿಟ್ಟಮ್ಮನ ಎದುರು ಮನೆಯ ಮುದುಕಿ ಪೂರ್ತಿ ಹೊರಗೇ ಬಂದು, ಕೈಯನ್ನು ಎದೆಯ ಮೇಲಿಟ್ಟುಕೊಂಡು, ಬಾಯಿ ಬಿಟ್ಟು ನಿಂತಳು. ನಾನು ಅಳುತ್ತಲೇ ಮೂರನೇ ಅಂತಸ್ತು ಹತ್ತಿದೆ. ಇಂದ್ರಕ್ಕ ಬಾಗಿಲಲ್ಲಿದ್ದಳು. ನಾನು ಎರಡೂ ಕೈ ಚಾಚಿದೆ.

ಇಂದ್ರಕ್ಕ ನನ್ನ ಬಾಯಿಗೆ ಅಂಗೈ ಒತ್ತಿ ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು.

"ಲಕ್ಷ್ಮೀ, ಬ್ಯಾಡ! ಇಲ್ಲಿ ಬ್ಯಾಡ! ಮಂದಿ ಪೊಲೀಸರಿಗೆ ಫೋನ್ ಮಾಡ್ತಾರ!"

ನಾನು ಬೆಪ್ಪಾಗಿ ನಿಂತೆ. ನಮ್ಮ ಸೀಮೆಯ ಎಷ್ಟು ಮನೆಗಳಲ್ಲಿ ಇವಳು ಕೊರಳು ಹಿಡಿದು ಅತ್ತಿಲ್ಲ? ಬಂದವಳಿಗೆ ಮನೆಯವಳು ದನಿಗೂಡಿಸಲೇಬೇಕು ಅಂತ ನಾಲ್ಕು ದೇಶಗಳ ಮುಂದೆ ಭಾಷಣ ಮಾಡಿದವಳೇ ಇವಳು. ಅವಳ ಕಣ್ಣು ನೋಡಿದೆ. ಹನಿ ನೀರಿಲ್ಲ. ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಹೆದರಿಕೆ ಬಂತು.

ಅಗಳಿಯಿಂದ ಫೋನು

ಮರುದಿನ ಬೆಳಗ್ಗೆ ನಮ್ಮೆಜಮಾನರು ಫೋನ್ ಮಾಡಿದರು. ಮಂಡಲ ಆಫೀಸಿನಲ್ಲಿ ಅಟೆಂಡರ್, ಎಲ್ಲದರಲ್ಲೂ ರೂಲು ಮೊದಲು. ನಡೆದದ್ದೆಲ್ಲ ಹೇಳಿದೆ.

"ಅಲ್ಲಮ್ಮೀ, ನಿಂಗೇನ್ ಬುದ್ಧಿಗಿದ್ಧಿ ಐತಾ? ಕಂಡೋರ್ ದೇಸ್ದಾಗೆ ಇಂಗ್ ಬಾಯ್ ಬಡ್ಕಂಡ್ರೆ ಇಡ್ಕಂಡೋಗಿ ಒಳೀಕಾಕಲ್ವಾ? ಸುಮ್ಕೆ ಇದ್ದು ಬಾ."

"ಹೆಣ ಇನ್ನೂ ಆಸ್ಪತ್ರೆಯಲ್ಲಿದೆ ಕಣ್ರೀ!"

ಅವರು ದನಿ ತಗ್ಗಿಸಿದರು. "ಅಂಗಾರೆ... ಆಯಮ್ಮ ಉಣ್ತಾ ಇದ್ದಾಳಾ?"

"ಉಣ್ತಾಳೆ. ನಗ್ತಾಳೆ. ಕಾಲೇಜಿಗೂ ಹೋಗ್ತಾಳೆ."

"ಅಯ್ಯೋ ಶಿವನೇ," ಅಂದರು. ಅವರ ರೂಲು ಪುಸ್ತಕದಲ್ಲೂ ಇದಕ್ಕೆ ಜಾಗ ಇರಲಿಲ್ಲ.

ಪಾಠದ ಕೋಣೆ

ಬುಧವಾರ ಆಕೆಯ ಕಾಲೇಜು. ವಿದ್ಯಾರ್ಥಿಗಳು ಕಾಫಿ ಬಟ್ಟಲು ಹಿಡಿದು, ಕೆಲವರು ಸೇಬು ಕಚ್ಚುತ್ತ, ಮೇಷ್ಟ್ರ ಮುಂದೆಯೇ ಕಾಲು ಚಾಚಿ ಕೂತಿದ್ದರು. ನಮ್ಮ ಅಂಗನವಾಡಿ ಮಕ್ಕಳು ಹಾಗೆ ಕೂತರೆ ನಾನು ಕಿವಿ ಹಿಂಡುತ್ತೇನೆ. ಇಂದ್ರಕ್ಕ ನನ್ನನ್ನು ಪರಿಚಯ ಮಾಡಿಸಿದಳು. ಆಮೇಲೆ ಏನೋ ಒತ್ತಿದಳು, ಗೋಡೆಯಿಂದ ನಮ್ಮವ್ವ ಮಾತಾಡಿದಳು.

"ನನ್ನ ಹಡೆದವ್ವಾ... ಕಾಲುವಿ ನೀರಾಗ ನಿಂತು ಭತ್ತ ನೆಟ್ಟಾಕಿ... ಸೆರಗಿನಾಗ ಶೇಂಗಾ ಕಟಿಗೊಂಡು ಬಂದಾಕಿ..."

ನಮ್ಮಜ್ಜಿ ಸತ್ತಾಗ ಅವ್ವ ಅತ್ತದ್ದು, ಇಂದ್ರಕ್ಕನ ಪೆಟ್ಟಿಗೆ ಹಿಡಿದಿಟ್ಟದ್ದು. ಸಾವಿಲ್ಲದ ಹೊತ್ತಿನಲ್ಲಿ, ಮನೆಯೊಳಗೆ, ಆ ರಾಗ ಎತ್ತಲೇಬಾರದು. ನಾವು ಚಿಕ್ಕವರಿದ್ದಾಗ ಆಟಕ್ಕೆ ಎತ್ತಿದರೆ ಅವ್ವ ಬಾಯಿಗೆ ಬಡಿಯುತ್ತಿದ್ದಳು. ಅದೇ ಅವ್ವನ ದನಿ ಈಗ ಸೇಬು ತಿನ್ನುವವರ ನಡುವೆ! ಎದ್ದು ಹೋಗಲೇ ಅನ್ನಿಸಿತು. ಆದರೆ ಅವ್ವನ ದನಿ ಬಿಟ್ಟು ಹೇಗೆ ಏಳಲಿ? ಅದನ್ನು ಕೇಳಿ ಎಷ್ಟು ವರ್ಷವಾಗಿತ್ತು. ಸೆರಗು ಬಾಯಿಗಿಟ್ಟುಕೊಂಡು ಕೂತೆ.

ಆಗ ಇಂದ್ರಕ್ಕನ ಕಡೆ ನೋಡಿದೆ. ಆಕೆಯ ತುಟಿ ಅಲ್ಲಾಡುತ್ತಿತ್ತು. ಅವ್ವನ ಒಂದೊಂದು ಮಾತೂ ಬಾಯಿಪಾಠ.

ಒಬ್ಬ ಹುಡುಗಿ ಕೈ ಎತ್ತಿ ಕೇಳಿದಳು, ಇಂದ್ರಕ್ಕ ನನಗೆ ಕನ್ನಡದಲ್ಲಿ ಹೇಳಿದಳು: "ಇದು ನಿಜವಾದ ಅಳುವೋ, ಪದ್ಧತಿ ಅಂತ ಅಳೋದೋ ಅಂತ ಕೇಳತಾಳ."

"ಆಕಿ ಮಧ್ಯಾಹ್ನ ಉಣ್ಣೋದು ಹಸಿವಾತು ಅಂತನೋ, ಗಂಟಿ ಹೊಡೀತು ಅಂತನೋ ಕೇಳು," ಅಂದೆ. ಇಂದ್ರಕ್ಕ ಹೇಳಿದಳು. ಹುಡುಗರೆಲ್ಲ ನಕ್ಕರು. ನಾನು ನಗಿಸಲಿಕ್ಕೆ ಹೇಳಿರಲಿಲ್ಲ.

ಸಮುದ್ರದ ದಂಡೆ

ಕಾಲೇಜಿನಿಂದ ಬರುವಾಗ ನಾನು ಬೇಕಂತಲೇ ನಾಲ್ಕು ಹೆಜ್ಜೆ ಹಿಂದೆ ನಡೆದೆ. ಇಂದ್ರಕ್ಕ ಮನೆಯ ಕಡೆ ತಿರುಗದೆ ಸಮುದ್ರದ ಕಡೆ ನಡೆದಳು. ಸಮುದ್ರ ಅಂದರೆ ಅಲೆ ಇಲ್ಲ, ಸದ್ದಿಲ್ಲ. ಆ ದೇಶದಲ್ಲಿ ಸಮುದ್ರವೂ ದನಿ ಎತ್ತುವುದಿಲ್ಲ. ಒಂದು ಬೆಂಚಿನ ಮೇಲೆ ಕೂತೆವು.

"ನನ್ನ ಮ್ಯಾಲ ಸಿಟ್ಟು ಬಂದೈತಿ ನಿನಗ," ಅಂದಳು.

"ಬಂದೈತಿ."

"ನಮ್ಮವ್ವ ಸಾಯೋ ಹೊತ್ತಿನಾಗ ನಾನು ಪಕ್ಕದಾಗ ಇದ್ದೆ. ಉಸಿರು ನಿಂತಿತು. ನರ್ಸ್ ಬಂದು ಕಿಟಕಿ ತಗದಳು. ಆಕಿ ಯಾವ ಕೈಯಿಂದ ತಗದಳು, ಚಾದರ ಹೆಂಗ ಮಡಚಿದಳು, ಅವ್ವನ ಮುಂದ ಯಾಕ ದನಿ ತಗ್ಗಿಸಿದಳು, ಇದನ್ನ ನೋಡಕೊಂತ ನಿಂತಿದ್ದೆ ಲಕ್ಷ್ಮೀ. ಹೆಣ ನಮ್ಮವ್ವಂದು. ನಾನು ಯಾರದೋ ಊರಾಗ ನಿಂತಂಗ ನೋಡತಿದ್ದೆ. ಇದರ ಅರ್ಥ ಏನು ಅಂತ ಯೋಚನಿ ಮಾಡತಿದ್ದೆ. ಇವತ್ತಿನ ತನಕ ಅಳು ಬಂದಿಲ್ಲ."

ನಾನು ಆಕೆಯ ಕೈ ಹಿಡಿದುಕೊಂಡೆ. ಮರಗಟ್ಟಿ ಹೋಗಿತ್ತು.

"ನಿಮ್ಮೂರಾಗ ನಾನು ಪೆಟ್ಟಿಗಿ ಹಿಡಕೊಂಡು ಅಳತಿದ್ದೆನಲ್ಲ, ಮಂದಿ ಏನಂತಿದ್ದರು? ಖರೇ ಹೇಳು."

"ಖರೇ ಹೇಳಲೇನು? ಪಾಪ, ಈಕಿ ಮನಿಯಾಗ ಯಾರೂ ಸತ್ತಿಲ್ಲ, ಅದಕ್ಕ ಕಲಿಯಾಕ ಬಂದಾಳ ಅಂತಿದ್ದರು."

ಇಂದ್ರಕ್ಕ ನಕ್ಕಳು, ಆ ನಗು ಅರ್ಧಕ್ಕೇ ನಿಂತಿತು. "ಶುಕ್ರವಾರನೂ ನಾನು ಹಿಂಗ ನೋಡಕೊಂತ ನಿಂತರ?" ಅಂದಳು. "ಅವ್ವನ್ನ ಹಿಂಗ ಕಳಿಸಿದರ ನಾನು ಬದುಕಿರೋ ತನಕ ಅದನ್ನ ಹೊತಗೊಂಡು ತಿರಗಬೇಕು." ಇಷ್ಟು ಹೇಳಿ ನನ್ನಿಂದ ಒಂದು ಮಾತು ತಗೊಂಡಳು. ಶುಕ್ರವಾರ ಅವರ ಚರ್ಚಿನ ಗುಡಿಯಲ್ಲಿ ನಾನು ದನಿ ತೆಗೆಯಬಾರದು. "ನೀ ಅತ್ತರ ಎಲ್ಲಾರೂ ನಿನ್ನ ನೋಡ್ತಾರ. ನಾನೂ ನಿನ್ನ ನೋಡ್ತೀನಿ. ಮತ್ತ ಅದ ಆಗತೈತಿ." ಮಾತು ಕೊಟ್ಟೆ. ಸಾವಿನಲ್ಲಿ ಅಳುವುದಿಲ್ಲ ಅಂತ ಮಾತು ಕೊಟ್ಟ ಮೊದಲ ಹೆಂಗಸು ನಮ್ಮ ವಂಶದಲ್ಲಿ ನಾನೇ ಇರಬೇಕು.

ಎದುರು ಮನೆ

ಗುರುವಾರ ಇಂದ್ರಕ್ಕ ಪಾದ್ರಿಯ ಹತ್ತಿರ ಹೋಗಿದ್ದಾಗ, ಮೆಟ್ಟಿಲಲ್ಲಿ ನನ್ನನ್ನು ನೋಡಿ ಬಾಯಿ ಬಿಟ್ಟಿದ್ದ ಎದುರು ಮನೆಯ ಮುದುಕಿ ಬಾಗಿಲು ತಟ್ಟಿದಳು. ಮಾರ್ಗಿತ್ ಅಂತೆ. ದೂರು ಹೇಳಲು ಬಂದಳು ಅಂತ ನಾನು ಕೈ ಮುಗಿದೆ. ಆಕೆ ನನ್ನ ಕೈ ಹಿಡಿದು ಬಿಡಲೇ ಇಲ್ಲ. ತನ್ನ ಮನೆಗೆ ಕರೆದುಕೊಂಡು ಹೋಗಿ ಕೂರಿಸಿದಳು. ಇಬ್ಬರದೂ ಹರಕುಮುರುಕು ಇಂಗ್ಲಿಷ್. ಬ್ರಿಟ್ಟಾ ಆಕೆಯ ಜೀವದ ಗೆಳತಿ. ಗೆಳತಿ ಹೋದ ಮೇಲೆ ಆ ಮೆಟ್ಟಿಲುಗಳಲ್ಲಿ ಬ್ರಿಟ್ಟಾಳ ಹೆಸರನ್ನು ಗಟ್ಟಿಯಾಗಿ ಕೂಗಿದವಳು ನಾನೊಬ್ಬಳೇ ಅಂದಳು. ಕೈವಸ್ತ್ರದಲ್ಲಿ ಕಣ್ಣೊರೆಸಿಕೊಂಡಳು, ಕೂಡಲೇ ಅದಕ್ಕೂ ಕ್ಷಮೆ ಕೇಳಿದಳು.

ಆಮೇಲೆ ಒಂದು ಫೋಟೋ ತೋರಿಸಿದಳು. ಅದನ್ನು ನೋಡಿ ನಾನು ಕೂತಲ್ಲೇ ಹಿಂದಕ್ಕೆ ಜರುಗಿದೆ. ಟೋಪಿ, ಕೋಟು, ದೊಡ್ಡ ಸ್ಟೀರಿಂಗು, ಅದರ ಹಿಂದೆ ಬ್ರಿಟ್ಟಮ್ಮ! ಆ ತಾಯಿ ಜೀವಮಾನವಿಡೀ ಊರಿನ ಬಸ್ಸು ಓಡಿಸಿದವಳಂತೆ. ಚಳಿಗಾಲದಲ್ಲಿ ಮಗಳನ್ನು ಮೊದಲ ಸೀಟಿನಲ್ಲಿ ಕೂರಿಸಿಕೊಂಡೇ ಡ್ಯೂಟಿ. ಮಗು ಬಸ್ಸಿನಲ್ಲೇ ಹೋಂವರ್ಕ್ ಮಾಡುತ್ತಿತ್ತು, ಬಸ್ಸಿನಲ್ಲೇ ಮಲಗುತ್ತಿತ್ತು. ಇಷ್ಟು ವರ್ಷ ನಮ್ಮ ಮನೆಯ ಉಪ್ಪಿನ ಗಡಿಗೆಯವರೆಗೂ ಕೇಳಿದ ಇಂದ್ರಕ್ಕ ತನ್ನ ತಾಯಿ ಬಸ್ ಡ್ರೈವರ್ ಅಂತ ಒಂದು ದಿನವಾದರೂ ಹೇಳಿರಲಿಲ್ಲ. ನಾವೂ ಯಾರೂ ಕೇಳಿರಲಿಲ್ಲ, ಅದೂ ನಿಜ.

ಗುಡಿ

ಶುಕ್ರವಾರ. ಸಣ್ಣ ಕಲ್ಲಿನ ಗುಡಿ. ನಡುವೆ ಬಿಳಿ ಪೆಟ್ಟಿಗೆ, ಅದರ ಮುಚ್ಚಳ ಬಿಗಿದಿತ್ತು. ಮುಖ ತೋರಿಸುವುದಿಲ್ಲವೇ ಅಂತ ಕೇಳಿದೆ. ಇಲ್ಲವಂತೆ. ನಾನು ತಂದ ಸೀರೆಯನ್ನು ಹಿಂದಿನ ದಿನವೇ ಹೊದಿಸಲು ಕಳಿಸಿದ್ದೆವು, ಅದಷ್ಟೇ ನನಗೆ ಸಮಾಧಾನ. ಬಂದವರೆಲ್ಲ ಕರಿ ಬಟ್ಟೆ, ಮೆಲ್ಲನೆ ಹೆಜ್ಜೆ, ಒಬ್ಬರಿಗೊಬ್ಬರು ಕೈ ಕುಲುಕುವುದು, ತಲೆ ಆಡಿಸುವುದು. ಒಬ್ಬ ತಾಯಿಯನ್ನು ಕಳಿಸಲಿಕ್ಕೆ ಬಂದವರೋ, ಬ್ಯಾಂಕಿನಲ್ಲಿ ಸರದಿಗೆ ನಿಂತವರೋ ತಿಳಿಯಲಿಲ್ಲ.

ಪಾದ್ರಿ ಓದಿದ. ಆಮೇಲೆ ಒಬ್ಬೊಬ್ಬರೇ ಎದ್ದು ಹೋಗಿ ಪೆಟ್ಟಿಗೆಯ ಮೇಲೆ ಒಂದು ಹೂವಿಟ್ಟು, ಅರೆಗಳಿಗೆ ನಿಂತು, ಹಿಂದೆ ಬಂದು ಕೂರುವುದು. ಮೊದಲು ಮಗಳು. ಇಂದ್ರಕ್ಕ ಹೋದಳು. ಹೂವಿಟ್ಟಳು. ನಿಂತಳು. ಬರಲಿಲ್ಲ. ನಿಂತೇ ಇದ್ದಳು. ಪಾದ್ರಿ ಒಮ್ಮೆ ಕೆಮ್ಮಿದ. ಹಿಂದಿನ ಸಾಲಿನಲ್ಲಿ ಬೆಂಚು ಕಿರುಗುಟ್ಟಿತು. ನಾನು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ. ನೋಡುತ್ತಿದ್ದಾಳೆ, ಅಯ್ಯೋ, ಮತ್ತೆ ನೋಡುತ್ತ ನಿಂತಿದ್ದಾಳೆ ಅನ್ನಿಸಿತು.

ಆಗ ಸಣ್ಣ ದನಿಯೊಂದು ಕೇಳಿತು. ಮೊದಲು ನನಗೆ ಭ್ರಮೆ ಅನ್ನಿಸಿತು.

"ನನ್ನ ಹಡೆದವ್ವಾ... ಕಾಲುವಿ ನೀರಾಗ ನಿಂತು ಭತ್ತ ನೆಟ್ಟಾಕಿ..."

ನಮ್ಮವ್ವನ ರಾಗ, ನಮ್ಮವ್ವನ ಮಾತು. ಒಂದಕ್ಷರ ತಪ್ಪಿಲ್ಲ. ಆ ದೇಶದ ಗುಡಿಯಲ್ಲಿ, ಬಸ್ ಓಡಿಸಿದ ಹೆಂಗಸಿನ ಪೆಟ್ಟಿಗೆಯ ಮುಂದೆ, ಆಕೆಯ ಒಬ್ಬಳೇ ಮಗಳು ಬೊಮ್ಮನಹಾಳ್ ಕಾಲುವೆಯ ಭತ್ತ ಹೇಳಿಕೊಂಡು ಅಳಲು ನೋಡುತ್ತಿದ್ದಾಳೆ! "ಸೆರಗಿನಾಗ ಶೇಂಗಾ ಕಟಿಗೊಂಡು..." ಅಳು ಬರಲೊಲ್ಲದು. ದನಿ ಒಣಕಟ್ಟಿಗೆಯ ಹಾಗೆ. ಮತ್ತೆ ಮೊದಲಿನಿಂದ ಎತ್ತಿಕೊಂಡಳು. ನನಗೆ ರಕ್ತ ನೆತ್ತಿಗೇರಿತು. ಇನ್ನೊಬ್ಬರ ತಾಯಿಯ ಅಳುವನ್ನು ತನ್ನ ತಾಯಿಗೆ ಯಾರಾದರೂ ಅಳುತ್ತಾರೆಯೇ? ಸತ್ತವರು ಏನು ಮಾಡಿದರೋ ಅದನ್ನು ಹೇಳಬೇಕು. ಮಾಡದೇ ಇದ್ದದ್ದನ್ನು ಹೇಳಿದರೆ ಆ ಜೀವ ತನ್ನನ್ನು ಕರೆದರು ಅಂತ ಹೇಗೆ ತಿಳಿದೀತು? ಕೊಟ್ಟ ಮಾತು ಎಲ್ಲಿ ಹೋಯಿತೋ. ಎದ್ದು ನಿಂತೆ.

"ಇಂದ್ರಕ್ಕಾ! ಅದು ನಮ್ಮವ್ವಂದು, ಬಿಡು! ನಿಮ್ಮವ್ವ ಯಾವಾಗ ಭತ್ತ ನೆಟ್ಟಳು? ಬಸ್ ಓಡಿಸಿದಾಕಿ ಆಕಿ! ಬಸ್ ಹೇಳು! ಬಸ್ಸಿಂದು ಹೇಳಿಕೊಂಡು ಅಳು!"

ಗುಡಿಯಲ್ಲಿದ್ದ ಇಡೀ ಜನ ತಿರುಗಿ ನನ್ನನ್ನು ನೋಡಿತು. ಕಲ್ಲು ಹೊಡೆದ ಹಾಗೆ ನೋಡಿತು. ಅಷ್ಟು ಮಾತಿನಲ್ಲಿ ಅವರಿಗೆ ತಿಳಿದದ್ದು ಒಂದೇ ಶಬ್ದ ಇರಬೇಕು, ಅವರ ಭಾಷೆಯಲ್ಲೂ ಬಸ್ಸು ಬಸ್ಸೇ. ಮುಂದಿನ ಸಾಲಿನಲ್ಲಿ ಮಾರ್ಗಿತ್ "ಬಸ್" ಅಂದಳು, ಮೆಲ್ಲಗೆ. ಇನ್ನೊಮ್ಮೆ ಅಂದಳು, ಈ ಸಲ ಗಟ್ಟಿಯಾಗಿ. ಅವಳ ಭುಜ ಅಲುಗತೊಡಗಿತು.

ಇಂದ್ರಕ್ಕ ನನ್ನ ಕಡೆ ನೋಡಲಿಲ್ಲ. ಪೆಟ್ಟಿಗೆಯ ಮೇಲೆ ಎರಡೂ ಅಂಗೈ ಇಟ್ಟಳು. ತನ್ನ ಭಾಷೆಯಲ್ಲಿ ಏನೋ ಒಂದು ಮಾತು ಅಂದಳು, ಬರೀ ಒಂದು ಮಾತು, ಸಣ್ಣ ಮಗು ಕರೆಯುವ ಹಾಗೆ. ರಾಗವಿರಲಿಲ್ಲ. ಅದರ ಹಿಂದೆ ಇನ್ನೊಂದು. ಅದರ ನಡುವೆ ಬಸ್ಸು ಬಂತು. ಆಮೇಲೆ ಆಕೆಯ ಹಣೆ ಪೆಟ್ಟಿಗೆಗೆ ಬಡಿಯಿತು, ಎದೆಯೊಳಗಿನಿಂದ ದನಿ ಕಿತ್ತುಕೊಂಡು ಹೊರಗೆ ಬಂತು.

ನಾನು ಓಡಿ ಹೋಗಿ ಆಕೆಯ ಕೊರಳು ಹಿಡಿದುಕೊಂಡೆ. ಮಾರ್ಗಿತ್ ಇನ್ನೊಂದು ಕಡೆಯಿಂದ ಹಿಡಿದಳು. ಆಕೆ ತನ್ನ ಭಾಷೆಯಲ್ಲಿ ಹೇಳಿಕೊಂಡು ಹೇಳಿಕೊಂಡು ಅತ್ತಳು. ನಾನು ನನ್ನ ಭಾಷೆಯಲ್ಲಿ ದನಿಗೂಡಿಸಿದೆ. ಪಾದ್ರಿ ಪುಸ್ತಕ ಮುಚ್ಚಿ ತಲೆ ತಗ್ಗಿಸಿ ನಿಂತ. ಯಾರೂ ಪೊಲೀಸರಿಗೆ ಫೋನ್ ಮಾಡಲಿಲ್ಲ.

ಆಕೆ ಅಲ್ಲಿ ಏನೇನು ಹೇಳಿಕೊಂಡು ಅತ್ತಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಇನ್ನೂ ಒಂದು ವಾರ ಆಕೆಯ ಮನೆಯಲ್ಲಿದ್ದೆ. ದಿನಾ ಎದುರುಬದುರು ಕೂತು ಉಂಡೆವು, ಬ್ರಿಟ್ಟಮ್ಮನ ಬಟ್ಟೆಬರೆ ಮಡಚಿದೆವು. ಆ ಅಳುವಿನ ಅರ್ಥ ಏನು ಅಂತ ಒಂದು ಸಲವೂ ನಾನು ಕೇಳಲಿಲ್ಲ.